ಅರ್ಧ ಆಟದ ಹನ್ನೆರಡು ಗೋಲು

ಪರೇಲಿನ ಮುಚ್ಚಿದ ಮಿಲ್ಲೊಂದರ ಹಿಂದಿನ ಫುಟ್‌ಬಾಲ್ ಗ್ರೌಂಡಿನ ಶೆಡ್ಡಿನ ಬಾಗಿಲಿಗೆ ಫೆಬ್ರವರಿ ಕೊನೆಯ ವಾರ ಒಂದು ಪಟ್ಟಿ ಬಂದು ಅಂಟಿಕೊಂಡಿತು. ಅಂಟಿಸಿದವರು ಹೋಟೆಲ್ ಲೀಗಿನ ಸೆಕ್ರೆಟರಿ ರಮಾನಾಥ. ಉಡುಪಿ ಕಡೆಯವರು, ಕಾಂದಿವಲಿಯ ಇಂಡಸ್ಟ್ರಿಯಲ್ ಎಸ್ಟೇಟಿನ ಪಕ್ಕ ಹೋಟೆಲಿಟ್ಟು ಮೂವತ್ತು ವರ್ಷ ಆದವರು. ಮಳೆ ಬಂದರೂ ಅಳಿಸಿಹೋಗಬಾರದೆಂದು ಪಟ್ಟಿಯನ್ನು ಲ್ಯಾಮಿನೇಟ್ ಬೇರೆ ಮಾಡಿಸಿದ್ದರು. ಮೊದಲ ಸಾಲಿನಲ್ಲಿ ಅನಿಲಕುಮಾರ, ಕಾಂದಿವಲಿ ಟೀಮ್, ಹದಿನೈದು ಮ್ಯಾಚು, ಹತ್ತೊಂಬತ್ತು ಗೋಲು. ಎರಡನೆಯದರಲ್ಲಿ ರೋಶನ್, ಫೋರ್ಟ್ ಟೀಮ್, ಹದಿನೈದು ಮ್ಯಾಚು, ಹನ್ನೆರಡು ಗೋಲು.

ಅದನ್ನು ಓದಿ ಮಹಾದೇವಿಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿದುಹೋಯಿತು. ಕೈಯಲ್ಲಿದ್ದ ಸುಣ್ಣದ ಡಬ್ಬಿಯನ್ನು ಅಲ್ಲೇ ಕುಕ್ಕಿ ಇನ್ನೊಮ್ಮೆ ಓದಿದಳು. ಇಂಡಿ ತಾಲೂಕಿನ ಕನ್ನಡ ಶಾಲೆಯಲ್ಲಿ ನಾಲ್ಕನೇ ಇಯತ್ತೆಯ ತನಕ ಕಲಿತ ಅಕ್ಷರ ಆಕೆಯನ್ನು ಇನ್ನೂ ಕೈಬಿಟ್ಟಿರಲಿಲ್ಲ, ಮಗ್ಗಿಯಂತೂ ಬಾಯಿಪಾಠ. ಎರಡನೇ ಸಲ ಓದಿದಾಗಲೂ ಪಟ್ಟಿ ಅಷ್ಟೇ ಸುಳ್ಳಾಗಿತ್ತು.

ಮಹಾದೇವಿ ಆ ಗ್ರೌಂಡಿನ ಕೆಲಸದಾಕೆ. ಮೊದಲು ಆಕೆಯ ಗಂಡ ಹಣಮಂತ ಅಲ್ಲಿ ವಾಚ್‌ಮನ್ ಆಗಿದ್ದ. ಒಂಬತ್ತು ವರ್ಷದ ಹಿಂದೆ ಅವನ ಮೊಣಕಾಲು ಕೈಕೊಟ್ಟಾಗ ಗ್ರೌಂಡಿನ ಟ್ರಸ್ಟಿನವರು ಕೆಲಸವನ್ನು ಆಕೆಗೆ ಕೊಟ್ಟರು. ನೆಲಕ್ಕೆ ನೀರು ಹೊಡೆಯಬೇಕು, ಹಗ್ಗ ಹಿಡಿದು ಸುಣ್ಣದ ಗೆರೆ ಎಳೆಯಬೇಕು, ಶೆಡ್ಡಿನ ಕೀಲಿ ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡಬೇಕು. ಲೀಗಿನವರು ಪುಕ್ಕಟೆಯಾಗಿ ಇನ್ನೊಂದು ಕೆಲಸವನ್ನೂ ತಲೆಗೆ ಕಟ್ಟಿದ್ದರು. ಆಟದ ನಡುವೆ ಒಬ್ಬನನ್ನು ತೆಗೆದು ಇನ್ನೊಬ್ಬನನ್ನು ಇಳಿಸುವಾಗ ಟೀಮಿನವರು ಒಂದು ಚೀಟಿ ಬರೆದು ಕೊಡಬೇಕು: ಯಾರು ಹೊರಗೆ, ಯಾರು ಒಳಗೆ, ಎಷ್ಟನೇ ನಿಮಿಷ. ರೆಫರಿ ಅದನ್ನು ಮಹಾದೇವಿಗೆ ಕೊಡುತ್ತಿದ್ದ. ಆಕೆ ಅದನ್ನು ಹೋಟೆಲಿನ ಗಲ್ಲಾದ ಮೇಲೆ ಬಿಲ್ಲು ಚುಚ್ಚಿಡುವ ಕಬ್ಬಿಣದ ಮುಳ್ಳಿಗೆ ಚುಚ್ಚುತ್ತಿದ್ದಳು. ಹೋಟೆಲಿನವರ ಲೀಗು ಅಂದಮೇಲೆ ಫೈಲು ಎಲ್ಲಿಂದ ಬರಬೇಕು? ಮುಳ್ಳೇ ಬಂದಿತ್ತು.

ಆ ಮುಳ್ಳಿನ ಮೇಲೆ ರೋಶನ್ನನ ಹದಿನಾಲ್ಕು ಚೀಟಿಗಳಿದ್ದವು. ಹದಿನಾಲ್ಕರ ಮೇಲೂ ಒಂದೇ ಮಾತು ಬರೆದಿತ್ತು: ರೋಶನ್ ಒಳಗೆ, ಮೂವತ್ತೈದನೇ ನಿಮಿಷ.

ಯಾಕೆ ಅಂದರೆ, ಈ ಲೀಗು ನಡೆಯುವುದೇ ಹೋಟೆಲುಗಳ ಬಿಡುವಿನಲ್ಲಿ. ಮಧ್ಯಾಹ್ನದ ಊಟ ಮುಗಿದು ಸಂಜೆಯ ತಿಂಡಿ ಶುರುವಾಗುವ ಮೊದಲು, ಮೂರೂಕಾಲಕ್ಕೆ ಸೀಟಿ. ಮೂವತ್ತೈದು ನಿಮಿಷದ ಎರಡು ಭಾಗ, ನಡುವೆ ಐದು ನಿಮಿಷ ವಿರಾಮ. ರಮಾನಾಥರು ಮ್ಯಾಚಿದ್ದ ದಿನ ತಮ್ಮ ಹುಡುಗರಿಗೆ ಪೂರ್ತಿ ರಜೆ ಕೊಡುತ್ತಿದ್ದರು. ರೋಶನ್ ಇದ್ದದ್ದು ಫೋರ್ಟಿನ ಒಂದು ಹೋಟೆಲಿನ ದೋಸೆ ಕಾವಲಿಯ ಮುಂದೆ. ಬ್ಯಾಂಕಿನವರು, ಕೋರ್ಟಿನವರು, ಆಫೀಸಿನವರು ಒಬ್ಬರ ಬೆನ್ನಿಗೊಬ್ಬರು ನಿಂತು ತಿನ್ನುವ ಜಾಗ ಅದು, ಮೂರು ಗಂಟೆಯ ತನಕ ಕಾವಲಿ ಬಿಟ್ಟು ಅಲ್ಲಾಡುವ ಹಾಗಿಲ್ಲ. ಮೂರಕ್ಕೆ ಏಪ್ರನ್ ಬಿಚ್ಚಿ, ಸ್ಟೇಷನ್ನಿಗೆ ಓಡಿ, ಸ್ಲೋ ಲೋಕಲ್ ಹಿಡಿದು, ಪರೇಲಿನ ಬ್ರಿಜ್ ಇಳಿದು ಬರುವಷ್ಟರಲ್ಲಿ ಮೂರೂ ಐವತ್ತು. ಅಷ್ಟೊತ್ತಿಗೆ ಅರ್ಧ ಆಟ ಮುಗಿದಿರುತ್ತಿತ್ತು. ಉಳಿದ ಅರ್ಧದಲ್ಲೇ ಅವನು ಹನ್ನೆರಡು ಗೋಲು ಹೊಡೆದಿದ್ದ. ಪಟ್ಟಿಯಲ್ಲಿ ಮಾತ್ರ ಹದಿನೈದು ಮ್ಯಾಚು, ನಿಮಿಷದ ಸುದ್ದಿಯೇ ಇಲ್ಲ.

ಇದು ಬರೀ ಪಟ್ಟಿಯ ಮಾತಾಗಿದ್ದರೆ ಮಹಾದೇವಿ ನಾಲ್ಕು ಬೈಗುಳ ಬೈದು ಸುಮ್ಮನಾಗುತ್ತಿದ್ದಳೋ ಏನೋ. ಆದರೆ ಆ ವರ್ಷ ನಗರದ ದೊಡ್ಡ ಕ್ಲಬ್ಬೊಂದು ಹೋಟೆಲ್ ಲೀಗಿನಿಂದ ಒಬ್ಬನನ್ನು, ಒಬ್ಬನನ್ನು ಮಾತ್ರ, ಟ್ರಯಲ್ಲಿಗೆ ಕರೆಯುತ್ತೇನೆ ಅಂದಿತ್ತು. ಪಾಸಾದರೆ ಎರಡು ಸೀಸನ್ನಿನ ಕಾಂಟ್ರ್ಯಾಕ್ಟು, ಸಂಬಳ, ಇರಲು ಖೋಲಿ. ಹೆಚ್ಚು ಗೋಲು ಹೊಡೆದವನ ಹೆಸರು ಕಳಿಸಿ ಅಂದಿದ್ದರು. ರೋಶನ್ನನಿಗೆ ಇಪ್ಪತ್ತಾರು. ಇಪ್ಪತ್ತೇಳು ತುಂಬಿದವರನ್ನು ಕ್ಲಬ್ಬು ಕಣ್ಣೆತ್ತಿಯೂ ನೋಡುವುದಿಲ್ಲ. ಈ ವರ್ಷ ತಪ್ಪಿದರೆ ಅವನಿಗೆ ಬೆಳಿಗ್ಗೆ ಐದಕ್ಕೆ ಹಿಟ್ಟು, ಮೂರರ ತನಕ ಕಾವಲಿ, ಅಷ್ಟೇ.

ರಮಾನಾಥರು ಮರುದಿನ ಬಂದಾಗ ಮಹಾದೇವಿ ಬಾಗಿಲಿಗೆ ಅಡ್ಡ ನಿಂತಳು.

"ಸೆಕ್ರೆಟರಿಯವ್ರ, ಈ ಪಟ್ಟಿ ತಪ್ಪೈತ್ರಿ."

"ಎಂತ ತಪ್ಪು ಮಾರಾಯ್ತಿ? ಹತ್ತೊಂಬತ್ತು ದೊಡ್ಡದಾ, ಹನ್ನೆರಡು ದೊಡ್ಡದಾ? ಅಷ್ಟೇ ಅಲ್ವಾ ಇರುದು?"

"ಅವಾ ಆಡಿದ್ದು ಅರ್ಧ ಆಟ. ನೀವು ಬರದದ್ದು ಪೂರಾ ಆಟ. ಅರ್ಧ ದಿನಾ ದುಡದಾವನ್ನ ಪೂರಾ ದಿನಾ ದುಡದಾವನ ಬಾಜೂಕ ನಿಂದ್ರಿಸಿ, ನೀ ಕಡಿಮಿ ಮಾಡೀದಿ ಅಂದ್ರ ಯಾವ ನ್ಯಾಯರೀ ಅದು?"

"ಲೇಟಾಗಿ ಬಂದದ್ದು ಅವನ ತಪ್ಪು. ನಾನು ಗಡಿಯಾರ ನಿಲ್ಲಿಸ್ಲಿಕ್ಕೆ ಆಗ್ತದಾ?" ರಮಾನಾಥರು ನಕ್ಕರು. "ನಿಮಗೆಂತಕ್ಕೆ ಹೊಟ್ಟೆ ಉರಿ? ಮೇಲೆ ಇರುವ ಹುಡುಗ ನಿಮ್ಮ ಕಡೆಯವನೇ. ರೋಶನ್ ನಮ್ಮ ಕಡೆಯವ. ನಾನೇ ಸುಮ್ಮನೆ ಇದ್ದೇನೆ."

ಅದು ನಿಜ. ಅನಿಲಕುಮಾರನ ಅಪ್ಪ ಕಲಬುರ್ಗಿ ಕಡೆಯಿಂದ ಬಂದು ಕಾಂದಿವಲಿಯಲ್ಲಿ ಬಿಲ್ಡಿಂಗ್ ಕೆಲಸ ಮಾಡಿದವನು. ಹುಡುಗ ಅಲ್ಲೇ ಹುಟ್ಟಿ, ಹಿಂದಿಯಲ್ಲಿ ಬೆಳೆದು, ಕನ್ನಡವನ್ನು ಎಡವುತ್ತ ಆಡುತ್ತಿದ್ದ. ಮಹಾದೇವಿಯನ್ನು ಚಿಕ್ಕಮ್ಮ ಅಂದಂತೆ ಮೌಶಿ ಅನ್ನುತ್ತಿದ್ದ, ಕೇಳದೆ ನೀರಿನ ಕೊಡ ಎತ್ತಿಕೊಡುತ್ತಿದ್ದ. ಅವನ ಮೇಲೆ ಆಕೆಗೆ ಒಂದು ಚೂರೂ ಸಿಟ್ಟಿರಲಿಲ್ಲ. ಯಾರ ಕಡೆಯವನು ಅಂತ ನೋಡಿ ಗೋಲು ಎಣಿಸುತ್ತಾರೇನು? ಆ ಮಾತು ಕೇಳಿ ಆಕೆಗೆ ಮೊದಲಿಗಿಂತ ಎರಡು ಪಟ್ಟು ಸಿಟ್ಟು ಬಂತು.

ಆಕೆಯ ಸಿಟ್ಟಿಗೆ ಒಂದು ಹಳೇ ಬೇರಿತ್ತು, ಅದನ್ನು ಆಕೆ ಯಾರಿಗೂ ಹೇಳಿದ್ದಿಲ್ಲ, ಗಂಡನಿಗೂ ಸಹ. ಮುಂಬಯಿಗೆ ಬಂದ ಹೊಸತರಲ್ಲಿ, ಹತ್ತೊಂಬತ್ತು ವಯಸ್ಸು, ಒಂದು ಬಿಲ್ಡಿಂಗಿನ ಕೆಲಸದಲ್ಲಿ ಗಿಲಾಯಿ ಮಾಲು, ಅಂದರೆ ಗೋಡೆಗೆ ಬಳಿಯುವ ಗಾರೆ, ಹೊರುತ್ತಿದ್ದಳು. ಶ್ರೀಶೈಲ ಅಂತ ಮುಕಾದಮ, ಕೂಲಿಯವರ ಮೇಸ್ತ್ರಿ. ಸಂಜೆ ಎಲ್ಲ ಹೆಂಗಸರನ್ನೂ ಸಾಲಾಗಿ ನಿಲ್ಲಿಸಿ ಯಾರು ಎಷ್ಟು ಬುಟ್ಟಿ ಹೊತ್ತರು ಅಂತ ಗಟ್ಟಿಯಾಗಿ ಓದುತ್ತಿದ್ದ. ಇವಳದು ಅರವತ್ತು, ಉಳಿದವರದು ತೊಂಬತ್ತು. ಎಲ್ಲರ ಎದುರು ಮೈಗಳ್ಳಿ ಅಂದ. ಮೂರನೇ ವಾರ ಕೆಲಸದಿಂದ ತೆಗೆದೇಬಿಟ್ಟ. ಉಳಿದವರು ಹೊತ್ತದ್ದು ನೆಲಮಾಳಿಗೆಗೆ, ಇವಳು ಹೊತ್ತದ್ದು ನಾಲ್ಕನೇ ಮಾಳಿಗೆಗೆ. ಅದನ್ನು ಶ್ರೀಶೈಲನೂ ಓದಲಿಲ್ಲ, ಪಕ್ಕದಲ್ಲಿ ನಿಂತವರೂ ಹೇಳಲಿಲ್ಲ. ಆಕೆಗೂ ಆ ಹೊತ್ತು ಬಾಯಿ ಬರಲಿಲ್ಲ. ಆ ಬಾರದ ಬಾಯಿ ಮೂವತ್ತೊಂದು ವರ್ಷ ಒಳಗೇ ಇತ್ತು.

ಸೋಮವಾರ ಮ್ಯಾಚಿರಲಿಲ್ಲ. ಮಧ್ಯಾಹ್ನ ಶೆಡ್ಡಿನಲ್ಲಿ ಕೂತು ಆಕೆ ಮುಳ್ಳಿನ ಚೀಟಿಗಳನ್ನೂ ಪೆಟ್ಟಿಗೆಯಲ್ಲಿದ್ದ ಲೀಗಿನ ಪುಸ್ತಕವನ್ನೂ ಮುಂದಿಟ್ಟುಕೊಂಡಳು. ಪುಸ್ತಕದಲ್ಲಿ ಯಾವ ಮ್ಯಾಚಿನಲ್ಲಿ ಯಾರು ಎಷ್ಟನೇ ನಿಮಿಷಕ್ಕೆ ಗೋಲು ಹೊಡೆದರು ಅಂತ ರಮಾನಾಥರೇ ದುಂಡಗೆ ಬರೆದಿದ್ದರು. ಸುಣ್ಣದ ಕಡ್ಡಿ ಹಿಡಿದು ಗೋಡೆಯ ಮೇಲೆ ಲೆಕ್ಕ ಶುರುವಾಯಿತು.

ಶುರುವಾದ ಹತ್ತೇ ನಿಮಿಷಕ್ಕೆ ಇನ್ನೊಂದು ಹೇಸಿಗೆ ಸಿಕ್ಕಿತು. ಅನಿಲಕುಮಾರನ ಹತ್ತೊಂಬತ್ತರಲ್ಲಿ ಆರು ಗೋಲಿಗೆ ನಿಮಿಷವೇ ಇಲ್ಲ. ಎರಡು ದಿನ, ಮೂರು ಮೂರು. ಆ ಎರಡು ದಿನ ಎದುರು ಟೀಮು ಬಂದೇ ಇರಲಿಲ್ಲ, ಹೋಟೆಲಿನಲ್ಲಿ ಯಾವುದೋ ಪಾರ್ಟಿ ಇತ್ತಂತೆ. ಎದುರಿನವರು ಬಾರದಿದ್ದರೆ ಬಂದವರು ಮೂರು ಸೊನ್ನೆಯಿಂದ ಗೆದ್ದಂತೆ ಎಂಬುದು ನಿಯಮ. ಸರಿ. ಆದರೆ ಫಾರಮ್ಮಿನಲ್ಲಿ 'ಗೋಲು ಹೊಡೆದವರು' ಎಂಬ ಖಾನೆ ಇದೆಯಲ್ಲ, ಅದು ಖಾಲಿ ಬಿಟ್ಟರೆ ಚೆನ್ನಾಗಿ ಕಾಣುವುದಿಲ್ಲವೆಂದು ಲೀಗು ಹುಟ್ಟಿದ ವರ್ಷವೇ ಯಾರೋ ಪುಣ್ಯಾತ್ಮ ಆ ಮೂರನ್ನೂ ಕ್ಯಾಪ್ಟನ್ನನ ಹೆಸರಿಗೆ ಬರೆದಿದ್ದ. ಕ್ಯಾಪ್ಟನ್ನನಿಗೆ ಮರ್ಯಾದೆ ಕೊಟ್ಟಂತೆ. ಅಂದಿನಿಂದ ಅದೇ ಪದ್ಧತಿ. ಮದುವೆಯಲ್ಲಿ ಹಿರಿಯರ ಕೈಗೆ ಮೊದಲ ತೆಂಗಿನಕಾಯಿ ಕೊಟ್ಟ ಹಾಗೆ ಗೋಲು ಕೊಡುತ್ತಾರೆ ಅಂದರೆ ಇವರ ಬುದ್ಧಿಗೆ ಏನನ್ನಬೇಕು! ಅನಿಲಕುಮಾರ ಕಾಂದಿವಲಿ ಟೀಮಿನ ಕ್ಯಾಪ್ಟನ್. ಆರು ಗೋಲು ಹೊಡೆದ ಆ ಎರಡು ದಿನ ಅವನು ಇದೇ ಶೆಡ್ಡಿನ ಮೆಟ್ಟಿಲ ಮೇಲೆ ಕೂತು ಮಹಾದೇವಿಯ ಡಬ್ಬಿಯ ಶೇಂಗಾ ತಿಂದು ಹೋಗಿದ್ದ.

ಆರು ಹೋದರೆ ಉಳಿದದ್ದು ಹದಿಮೂರು. ಆಡಿದ್ದು ಹದಿಮೂರು ಮ್ಯಾಚು, ಪ್ರತಿಯೊಂದೂ ಪೂರ್ತಿ ಎಪ್ಪತ್ತು ನಿಮಿಷ. ಅಂದರೆ ಎಪ್ಪತ್ತು ನಿಮಿಷಕ್ಕೆ ಒಂದು ಗೋಲು. ಅದರಲ್ಲೂ ನಾಲ್ಕು ಪೆನಾಲ್ಟಿ, ಎದುರು ಕೀಪರ್ ಒಬ್ಬನೇ ನಿಂತಿರುವಾಗ ಹೊಡೆದದ್ದು. ರೋಶನ್ನನ ಹದಿನೈದರಲ್ಲೂ ಒಂದು ದಿನ ಎದುರಿನವರು ಬಂದಿರಲಿಲ್ಲ. ಉಳಿದ ಹದಿನಾಲ್ಕು ದಿನ ಮೂವತ್ತೈದು ಮೂವತ್ತೈದು ನಿಮಿಷ, ಒಟ್ಟು ನಾನೂರ ತೊಂಬತ್ತು. ಹನ್ನೆರಡು ಗೋಲು, ಪೆನಾಲ್ಟಿ ಒಂದೂ ಇಲ್ಲ. ಹನ್ನೆರಡು ನಾಲ್ವತ್ತಲೆ ನಾನೂರ ಎಂಬತ್ತು, ಮೇಲೆ ಹತ್ತು. ನಾಲ್ವತ್ತೊಂದು ನಿಮಿಷಕ್ಕೆ ಒಂದು. ಮಹಾದೇವಿ ಗೋಡೆಯನ್ನೇ ನೋಡುತ್ತ ಕೂತಳು.

ಮರುದಿನ ಕಮಿಟಿಯ ಮೂವರು ಬಂದಾಗ ಆಕೆ ಗೋಡೆ ತೋರಿಸಿದಳು. ಇಬ್ಬರು ಮುಖ ಮುಖ ನೋಡಿಕೊಂಡರು. ರಮಾನಾಥರು ಕನ್ನಡಕ ಏರಿಸಿ ಎಲ್ಲವನ್ನೂ ಓದಿದರು. ಸುಮ್ಮನೆ ಒಪ್ಪಿಕೊಳ್ಳುವ ಮನುಷ್ಯರೇ ಅವರು?

"ನೀವು ಮಾಡಿದ್ದು ಕೂಡ ಮೋಸವೇ," ಅಂದರು. "ಎರಡನೇ ಅರ್ಧದಲ್ಲಿ ಎಲ್ಲರಿಗೂ ಸುಸ್ತು ಆಗಿರ್ತದೆ. ಡಿಫೆನ್ಸಿನವರ ಕಾಲು ಏಳುದಿಲ್ಲ. ಆವಾಗ ಬಂದವನಿಗೆ ಗೋಲು ಸಲೀಸು. ಅನಿಲ ಮೊದಲಿಂದ ಆಡ್ತಾನೆ. ಅದು ನಿಮ್ಮ ಗೋಡೆಯಲ್ಲಿ ಎಲ್ಲುಂಟು?"

ಆ ಮಾತಿನಲ್ಲಿ ಹುರುಳಿತ್ತು, ಅದೇ ಮಹಾದೇವಿಗೆ ಚುಚ್ಚಿದ್ದು. ಶ್ರೀಶೈಲ ಮಾಳಿಗೆ ನೋಡದೆ ಬುಟ್ಟಿ ಎಣಿಸಿದ್ದ. ತಾನೂ ಹಾಗೆಯೇ ಎಣಿಸಿದೆನೇ? ಇಡೀ ಆಟವನ್ನು ಅರ್ಧ ಆಟದ ಪಕ್ಕ ಇಟ್ಟರೆ ಅದೂ ನೆಲಮಾಳಿಗೆ, ನಾಲ್ಕನೇ ಮಾಳಿಗೆ ಬೆರೆಸಿದಂತೆಯೇ. ಅವರು ಹೋದಮೇಲೆ ಆಕೆ ಪುಸ್ತಕವನ್ನು ಮತ್ತೆ ತೆಗೆದಳು. ಈ ಸಲ ಅನಿಲಕುಮಾರನ ಎರಡನೇ ಅರ್ಧಗಳನ್ನಷ್ಟೇ ಎಣಿಸಬೇಕು. ಲೆಕ್ಕ ರೋಶನ್ನನ ವಿರುದ್ಧ ಬಂದರೆ ಗೋಡೆ ಒರೆಸಿ ಬಾಯಿ ಮುಚ್ಚಿಕೊಳ್ಳುವುದು, ಅಂತ ಮೊದಲೇ ಗಟ್ಟಿ ಮಾಡಿಕೊಂಡಳು.

ಹದಿಮೂರು ಎರಡನೇ ಅರ್ಧ, ನಾನೂರ ಐವತ್ತೈದು ನಿಮಿಷ. ಅದರಲ್ಲಿ ಅನಿಲಕುಮಾರನದು ಎಂಟು ಗೋಲು, ಪೆನಾಲ್ಟಿ ಎರಡನ್ನೂ ಸೇರಿಸಿಯೇ. ಐವತ್ತೇಳು ನಿಮಿಷಕ್ಕೆ ಒಂದು. ರೋಶನ್ನನದು ಅದೇ ನಾಲ್ವತ್ತೊಂದು. ಅಂತರ ಮೊದಲಿನಷ್ಟಿಲ್ಲ, ನಿಜ, ರಮಾನಾಥರು ಹೇಳಿದ್ದರಲ್ಲಿ ಅಷ್ಟು ಸತ್ಯವಿತ್ತು. ಆದರೂ ರೋಶನ್ನನೇ ಮೇಲಿದ್ದ. ಆಕೆ ಎಪ್ಪತ್ತನ್ನು ಅಳಿಸಿ ಐವತ್ತೇಳು ಬರೆದಳು.

ಬುಧವಾರ ಅದನ್ನೂ ರಮಾನಾಥರಿಗೆ ತೋರಿಸಿದಳು. "ಆದರೂ ರೋಶನ್ ಫ್ರೆಶ್ ಆಗಿ ಬರ್ತಾನೆ," ಅಂದರು ಅವರು.

"ಫ್ರೆಶ್?" ಮಹಾದೇವಿಯ ದನಿ ಏರಿತು. "ಮುಂಜಾನೆ ಐದರಿಂದ ಬೆಂಕಿ ಮುಂದ ನಿಂತಾನ್ರಿ ಅವಾ. ಹತ್ತು ತಾಸು ನಿಂತು, ಗಾಡ್ಯಾಗ ಜೋತು ಬಿದ್ದು, ಬ್ರಿಜ್ ಹತ್ತಿ ಓಡಿ ಬರ್ತಾನ. ನಿಮ್ಮ ಹುಡುಗ್ರು ರಜಾ ತೊಗೊಂಡು ಮನ್ಯಾಗ ಮಲಗಿ ಎದ್ದು ಬರ್ತಾರ. ಯಾರ್ರೀ ಫ್ರೆಶ್?"

ಮಾತು ಮುಗಿದವರು ಏನು ಮಾಡುತ್ತಾರೋ ಅದನ್ನೇ ರಮಾನಾಥರೂ ಮಾಡಿದರು. "ಹೆಸರು ಕಳಿಸಿ ಆಯ್ತು. ಈಗ ಬದಲಿಸ್ಲಿಕ್ಕೆ ಬರುದಿಲ್ಲ. ಬರುವ ವರ್ಷದಿಂದ ನಿಮಿಷದ್ದೂ ಒಂದು ಖಾನೆ ಹಾಕುವ," ಅಂದು ಸ್ಕೂಟರ್ ಹತ್ತಿದರು. ಬರುವ ವರ್ಷವಂತೆ! ಬರುವ ವರ್ಷ ರೋಶನ್ನನಿಗೆ ಇಪ್ಪತ್ತೇಳು.

ಮಾರ್ಚ್ ಮೊದಲ ಶುಕ್ರವಾರ ಫೈನಲ್, ಕಾಂದಿವಲಿ ಮತ್ತು ಫೋರ್ಟ್ ಟೀಮುಗಳ ನಡುವೆ. ಅನಿಲಕುಮಾರನನ್ನು ನೋಡಲು ಕ್ಲಬ್ಬಿನ ಸಾಹೇಬರು ಬರುವವರಿದ್ದರು. ಶಾಮಿಯಾನ, ಪ್ಲಾಸ್ಟಿಕ್ ಕುರ್ಚಿ, ಫಿಲ್ಟರ್ ಕಾಫಿಯ ಕೊಳಗ ಎಲ್ಲ ಬಂತು. ಮೂರು ಗಂಟೆ ಐದು ನಿಮಿಷಕ್ಕೆ ರೆಫರಿ ಗ್ರೌಂಡಿಗಿಳಿದು ಅಲ್ಲೇ ನಿಂತುಬಿಟ್ಟ. ಈ ಕಡೆಯ ಗೋಲಿನಿಂದ ನಡುಗೆರೆಯ ತನಕ ಸುಣ್ಣದ ಗೆರೆ ಬಿಳಿ ಬಿಳಿಯಾಗಿ ಹೊಳೆಯುತ್ತಿತ್ತು. ನಡುಗೆರೆಯಿಂದಾಚೆ ಬರೀ ಮಣ್ಣು. ಮಹಾದೇವಿ ಶೆಡ್ಡಿಗೆ ಬೀಗ ಜಡಿದು, ಕೀಲಿ ಸೊಂಟಕ್ಕೆ ಸಿಕ್ಕಿಸಿ, ಮೆಟ್ಟಿಲ ಮೇಲೆ ಕೂತಿದ್ದಳು. ಮಡಿಲಲ್ಲಿ ಚೀಟಿಯ ಮುಳ್ಳು.

ರಮಾನಾಥರು ಓಡಿ ಬಂದರು. "ಎಂತದಿದು? ಅರ್ಧ ಗ್ರೌಂಡಿಗೆ ಗೆರೆ ಇಲ್ಲ."

"ಐತಲ್ರೀ, ಪೂರಾ ಐತಿ."

"ಪೂರಾ ಎಲ್ಲುಂಟು?"

"ಅರ್ಧ ಆಟಾನ ಪೂರಾ ಆಟ ಅಂತ ನೀವು ಬರದಿಲ್ಲೇನ್ರಿ? ಹಂಗ ಇದನ್ನೂ ಪೂರಾ ಗ್ರೌಂಡ್ ಅಂತ ಬರಕೊಳ್ರಿ. ಲ್ಯಾಮಿನೇಟ್ ಮಾಡಿಸ್ರಿ ಬೇಕಾದ್ರ."

ಶಾಮಿಯಾನದ ಕೆಳಗೆ ಯಾರೋ ಕಿಸಕ್ಕನೆ ನಕ್ಕರು. ರಮಾನಾಥರ ಮುಖ ಕೆಂಪೇರಿತು. ಟ್ರಸ್ಟಿಗೆ ಹೇಳಿ ಕೆಲಸದಿಂದ ತೆಗೆಸುತ್ತೇನೆ ಅಂದರು. ತೆಗೆಸ್ರಿ, ಅಂದಳು ಮಹಾದೇವಿ. ಗದ್ದಲ ಕೇಳಿ ಕ್ಲಬ್ಬಿನ ಸಾಹೇಬರೇ ಎದ್ದು ಬಂದು ಏನು ವಿಷಯ ಅಂತ ಮರಾಠಿಯಲ್ಲಿ ಕೇಳಿದರು. ಮೂವತ್ತು ವರ್ಷದ ಮುಂಬಯಿ ಆಕೆಗೆ ಮರಾಠಿ ಕಲಿಸಿತ್ತು. ಬಾಗಿಲು ತೆಗೆದು ಗೋಡೆ ತೋರಿಸಿ ಎಲ್ಲವನ್ನೂ ಹೇಳಿದಳು, ರಮಾನಾಥರ ಆಕ್ಷೇಪವನ್ನೂ, ಅದರಿಂದ ಎಪ್ಪತ್ತು ಐವತ್ತೇಳಾದದ್ದನ್ನೂ ಬಿಡಲಿಲ್ಲ. ಸಾಹೇಬರು ಮುಳ್ಳಿನ ಚೀಟಿಗಳನ್ನು ಒಂದೊಂದೇ ತಿರುವಿದರು. "ಮೊದಲು ಆಟ ನೋಡೋಣ," ಅಂದರು.

ಮಹಾದೇವಿ ಸೀರೆ ಸೊಂಟಕ್ಕೆ ಸಿಕ್ಕಿಸಿ ಉಳಿದ ಅರ್ಧಕ್ಕೆ ಗೆರೆ ಎಳೆಯತೊಡಗಿದಳು. ಹಗ್ಗ ಕಟ್ಟಿ, ಅಳತೆ ನೋಡಿ, ಒಂದು ಕೂದಲೆಳೆ ಸೊಟ್ಟವಾಗದಂತೆ. ರಮಾನಾಥರು ಗಡಿಯಾರ ನೋಡಿ ನೋಡಿ ಸೋತರು. ಕೊನೆಯ ಮೂಲೆಯ ಗೆರೆ ಮುಗಿಯುವಾಗ ಮೂರೂ ಐವತ್ತು. ಅಷ್ಟರಲ್ಲಿ ಬ್ರಿಜ್ ಕಡೆಯ ಗೇಟಿನಿಂದ ಭುಜಕ್ಕೆ ಚೀಲ ಹಾಕಿಕೊಂಡು ರೋಶನ್ ಓಡಿ ಬಂದ. ಬಂದವನು ಅಭ್ಯಾಸದಂತೆ ಚೀಟಿ ಬರೆಯಲು ಪೆನ್ನು ಹುಡುಕಿದ.

"ಚೀಟಿ ಬ್ಯಾಡಪಾ," ಅಂದಳು ಮಹಾದೇವಿ. "ಇನ್ನೂ ಆಟ ಸುರು ಆಗಿಲ್ಲ."

ಅಂದು ಮೊದಲ ಸಲ ಅವನು ಎಪ್ಪತ್ತು ನಿಮಿಷ ಆಡಿದ. ಮೊದಲ ಅರ್ಧದಲ್ಲಿ ಒಂದು ಗೋಲು ಹೊಡೆದ. ಎರಡನೇ ಅರ್ಧದಲ್ಲಿ ಹತ್ತು ತಾಸಿನ ಕಾವಲಿ ಕಾಲಿಗೆ ಇಳಿಯಿತು, ಎರಡು ಸಲ ಚೆಂಡು ಸಿಕ್ಕರೂ ಓಡಲಾಗಲಿಲ್ಲ. ಅನಿಲಕುಮಾರ ಒಂದು ಪೆನಾಲ್ಟಿ ಹೊಡೆದ. ಅವನ ಟೀಮಿನ ಇನ್ನೊಬ್ಬನ ಗೋಲಿನಿಂದ ಕಾಂದಿವಲಿ ಎರಡು ಒಂದರಿಂದ ಗೆದ್ದಿತು.

ರಮಾನಾಥರು ನೇರವಾಗಿ ಸಾಹೇಬರ ಹತ್ತಿರ ಹೋದರು. "ನೋಡಿ ಸಾಹೇಬ್ರೆ, ಇವತ್ತು ಇಬ್ಬರೂ ಫುಲ್ ಆಡಿದ್ದಾರೆ. ಅವನಿಗೂ ಒಂದು, ಇವನಿಗೂ ಒಂದು. ಎಲ್ಲಿ ಹೋಯ್ತು ಇವಳ ಲೆಕ್ಕ?"

"ಒಂದು ದಿನದ್ದು ಲೆಕ್ಕ ಅಲ್ರೀ," ಅಂದಳು ಮಹಾದೇವಿ. "ಇವತ್ತ ಅವಾ ಮೂರು ಹೊಡದಿದ್ರೂ ನಾ ಇದನ್ನೇ ಅಂತಿದ್ದೆ. ಹದಿನಾಕು ಚೀಟಿ ಅದಾವ, ಅವನ್ನ ನೋಡ್ರಿ."

ಅನಿಲಕುಮಾರ ಬೆವರು ಒರೆಸಿಕೊಳ್ಳುತ್ತ ಅಲ್ಲೇ ನಿಂತಿದ್ದ. ಅಲ್ಲಿಯ ತನಕ ಅವನನ್ನು ಯಾರೂ ಒಂದು ಮಾತು ಕೇಳಿರಲಿಲ್ಲ. ಅವನು ಮಹಾದೇವಿಯ ಕಡೆ ತಿರುಗಿದ.

"ಮೌಶಿ, ನಂದು ಸಹೀ ಎಷ್ಟು ಐತಿ?"

"ಹದಿಮೂರು."

"ಆ ಆರು... ಆವತ್ತು ನಾನು ಶೇಂಗಾ ತಿಂದೆ ನಾ? ಇಲ್ಲೇ?"

"ಹೌದಪಾ."

ಅವನು ಸಾಹೇಬರ ಜೇಬಿನ ಪೆನ್ನು ಕೇಳಿ ತೆಗೆದುಕೊಂಡ. ಬಾಗಿಲಿನ ಪಟ್ಟಿಯಲ್ಲಿ ಹತ್ತೊಂಬತ್ತರ ಮೇಲೆ ಗೀಟು ಹಾಕಲು ನೋಡಿದ. ಲ್ಯಾಮಿನೇಟಿನ ಮೇಲೆ ಪೆನ್ನು ಜಾರಿತು, ಹತ್ತಲಿಲ್ಲ. ಆಗ ಪಟ್ಟಿಯನ್ನೇ ಕಿತ್ತು ರಮಾನಾಥರ ಕೈಗೆ ಕೊಟ್ಟು, ಸಾಹೇಬರ ಕಡೆ ತಿರುಗಿ, "ಸರ್, ರೋಶನ್‌ಗೆ ಕರೀರಿ. ನನಗೆ ಇಪ್ಪತ್ತೊಂದು, ನಾನು ಬರುವ ವರ್ಷ ಬರ್ತೀನಿ. ನನ್ನ ಗೋಲ್ ಇಂದ ಬರ್ತೀನಿ," ಅಂದ. ಸಾಹೇಬರು ರೋಶನ್ನನ ಫೋನ್ ನಂಬರು ಬರೆದುಕೊಂಡು, ಸೋಮವಾರ ಬೆಳಿಗ್ಗೆ ಏಳಕ್ಕೆ ಬೂಟು ತೆಗೆದುಕೊಂಡು ಬಾ ಅಂದರು. ಪಟ್ಟಿ ಹಿಡಿದುಕೊಂಡ ರಮಾನಾಥರು ಅದನ್ನು ಎಲ್ಲಿಡುವುದೆಂದು ತಿಳಿಯದೆ ಕಂಕುಳಲ್ಲಿ ಇಟ್ಟುಕೊಂಡರು.

ಎಲ್ಲರೂ ಸಂಜೆಯ ತಿಂಡಿಯ ಹೊತ್ತಾಯಿತೆಂದು ಸ್ಟೇಷನ್ನಿನ ಕಡೆ ಓಡಿದರು. ರೋಶನ್ ಮಾತ್ರ ನಿಂತ. ನಲ್ಲಿಯ ಹತ್ತಿರ ಮಹಾದೇವಿ ಕೈಯ ಸುಣ್ಣ ತೊಳೆದುಕೊಳ್ಳುತ್ತಿದ್ದಳು.

"ಅಕ್ಕ, ಒಂದು ಕೇಳ್ತೇನೆ," ಅಂದ. "ನಾನು ನಿಮ್ಮ ಊರಿನವ ಅಲ್ಲ, ಸಂಬಂಧದವ ಅಲ್ಲ. ಚೀಟಿ ಕೊಡುವಾಗ ಬಿಟ್ರೆ ನಾವು ಮಾತಾಡಿದ್ದೂ ಇಲ್ಲ. ನಿಮಗೆ ಯಾಕೆ ಇಷ್ಟು ಸಿಟ್ಟು ಬಂತು?"

ಮಹಾದೇವಿ ನಲ್ಲಿ ನಿಲ್ಲಿಸಿದಳು. ಸೆರಗಿನಿಂದ ಕೈ ಒರೆಸಿಕೊಂಡಳು. ಅಂದು ಬಾರದ ಬಾಯಿ ಈಗ ಬಂತು.

"ನಾ ಹೊತ್ತದ್ದು ನಾಕನೇ ಮಾಳಿಗಿಗೆ, ತಮ್ಮಾ," ಅಂದಳು.